ಮೇಸ್ತ್ರಿ ಬರೆಸದ ಎಣ್ಣೆ ಮಿಲ್ಲು

ನಿಮ್ಮ ತಾತ ಗಾರೆ ಕೆಲಸದವರು. ಮೊದಲು ಇನ್ನೊಬ್ಬರ ಕೈಕೆಳಗೆ ಕರಣೆ ಹಿಡಿದರು, ಆಮೇಲೆ ತಾವೇ ಮೇಸ್ತ್ರಿಯಾದರು, ಕೊನೆಗೆ ಕಂಟ್ರಾಕ್ಟರು ಅನ್ನಿಸಿಕೊಂಡರು. ನೀವು ಕಂಡಿದ್ದು ಆ ಕೊನೆಯ ತಾತನನ್ನು. ಕಿಸೆಯಲ್ಲಿ ಪೆನ್ನು, ಕೈಯಲ್ಲಿ ಟೇಪು, ಬಾಗಿಲಲ್ಲಿ ಮೋಟರ್ ಸೈಕಲ್ಲು. ಆ ಹೆಸರು ಬರುವ ಮುಂಚೆ ಒಂದು ತೊಡಕಾಯಿತು, ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡದಿದ್ದ ಮಾತೊಂದು ಹೊರಗೆ ಬಿತ್ತು. ಎದುರಿಗೆ ಕೂತು ಅದನ್ನು ನಿಮಗೆ ಹೇಳಲು ನನಗೆ ಬರುವುದಿಲ್ಲ. ಬರೆಯಬಲ್ಲೆ.

ನಮ್ಮ ಕಡೆ ಹೆಂಡತಿ ಬಸುರಿ ಇರುವಾಗ ಗಂಡನಾದವನು ಕೆಲವು ಕೆಲಸಕ್ಕೆ ಕೈ ಹಾಕಬಾರದು. ಹೆಣಕ್ಕೆ ಹೆಗಲು ಕೊಡಬಾರದು, ಹಾವು ಹೊಡೆಯಬಾರದು, ಕುಂಬಳಕಾಯಿ ಒಡೆಯಬಾರದು, ಮನೆಗೆ ಪಾಯ ತೋಡಬಾರದು. ಬೇರೆಯವರು ಇದನ್ನು ತಮ್ಮ ಸ್ವಂತ ಮನೆಯ ಮಟ್ಟಿಗೆ ನಡೆಸುತ್ತಾರೆ. ಹೊಲ ಉಳುವವನು ಮನೆ ಕಟ್ಟಿಸುವುದನ್ನು ಒಂದು ವರ್ಷ ಮುಂದೆ ಹಾಕಿದರೆ ಅವನ ಹೊಲವೇನೂ ನಿಲ್ಲುವುದಿಲ್ಲ. ನಿಮ್ಮ ತಾತನ ಮನೆತನದವರು ಅಪ್ಪ ಅಜ್ಜನ ಕಾಲದಿಂದ ಗಾರೆಯವರು. ಅವರಲ್ಲಿ ಯಾರ ಮನೆಯ ಪಾಯವೇ ಆಗಲಿ, ಗುದ್ದಲಿ ಮುಟ್ಟುವಂತಿರಲಿಲ್ಲ. ಬಸುರಿ ಅಂತ ಗೊತ್ತಾದ ದಿನದಿಂದ ಹಿಡಿದು, ಮಗು ಹುಟ್ಟಿ, ಹೆಸರಿಟ್ಟು, ಬಾಣಂತಿ ಹೊರಗೆ ಬಂದು ಗಂಗೆ ಪೂಜೆ ಮಾಡುವವರೆಗೆ ಆ ಶಾಸ್ತ್ರ. ನಮ್ಮತ್ತೆ ಅದನ್ನು ಬಿಗಿಯಾಗಿ ನಡೆಸುತ್ತಿದ್ದರು. ಇವರೂ ಒಂದು ದಿನ ಎದುರಾಡಿದವರಲ್ಲ.

ಹಾಗಂತ ಆ ತಿಂಗಳುಗಳಲ್ಲಿ ಇವರು ಮನೆಯಲ್ಲಿ ಕೂತಿರಲಿಲ್ಲ. ಚಿತ್ರದುರ್ಗಕ್ಕೋ ಹೊಳಲ್ಕೆರೆಗೋ ಹೋಗಿ ಇನ್ನೊಬ್ಬ ಮೇಸ್ತ್ರಿಯ ಕೈಕೆಳಗೆ ಪ್ಲಾಸ್ಟರ್ ಮಾಡುತ್ತಿದ್ದರು, ನೆಲಕ್ಕೆ ಕಲ್ಲು ಹಾಸುತ್ತಿದ್ದರು. ಕೂಲಿ ಬರುತ್ತಿತ್ತು. ಆದರೆ ಕಟ್ಟಡ ಹಿಡಿಯುವ ಹಾಗಿರಲಿಲ್ಲ. ಕೆಲಸ ಹಿಡಿದ ಮೇಸ್ತ್ರಿಯೇ ಗುದ್ದಲಿ ಪೂಜೆಯ ದಿನ ಮೊದಲ ಏಟು ಹಾಕಬೇಕು. ಅದು ಆಗದವನನ್ನು ನಂಬಿ ಮನೆ ಕೊಡುವವರು ಯಾರು? ನಿಮ್ಮ ಅಮ್ಮ ಹೊಟ್ಟೆಯಲ್ಲಿದ್ದ ವರ್ಷ ಇವರ ಹೆಸರಿನಲ್ಲಿ ಒಂದು ಗೋಡೆಯೂ ಏಳಲಿಲ್ಲ. ನಿಮ್ಮ ಮಾವನ ವರ್ಷವೂ ಅಷ್ಟೇ. ಆಗ ಅದು ಯಾರಿಗೂ ಕೊರತೆ ಅನ್ನಿಸಲಿಲ್ಲ. ಮಗು ಕೈಗೆ ಬಂತು, ಗಂಗೆ ಪೂಜೆ ಆಯಿತು, ಮಾರನೆಯ ವಾರವೇ ಇವರು ಹೊಸ ಕೆಲಸದ ಪಾಯಕ್ಕೆ ಗುರುತಿನ ದಾರ ಕಟ್ಟಿದರು.

ಎಣ್ಣೆ ಮಿಲ್ಲಿನ ಕೆಲಸ ಬಂದಾಗ ನಿಮ್ಮ ಮಾವ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಹಿರಿಯೂರಿನ ಶೇಂಗಾ ವ್ಯಾಪಾರಿಯೊಬ್ಬರು ಹೊಸದಾಗಿ ಮಿಲ್ಲು ಹಾಕುತ್ತಿದ್ದರು. ಅಲ್ಲಿಯವರೆಗೆ ಇವರು ಕಟ್ಟಿದ್ದೆಲ್ಲ ಮನೆ, ಅಂಗಡಿ, ದನದ ಕೊಟ್ಟಿಗೆ. ಎಣ್ಣೆ ತೆಗೆಯುವ ಮಿಷನ್ನು ಕೂರಿಸುವ ನೆಲ ಅವುಗಳಂತಲ್ಲ ಅಂತ ಇವರು ನನಗೆ ವಿವರಿಸಿದ್ದರು. ಮಿಷನ್ನು ಹಗಲೂ ರಾತ್ರಿ ಅದುರುತ್ತದೆ, ಕೆಳಗಿನದು ಅದುರಬಾರದು. ಆಳವಾಗಿ ತೋಡಿ, ಕಬ್ಬಿಣ ಕಟ್ಟಿ, ಕಾಂಕ್ರೀಟು ತುಂಬಿ, ಅದು ಗಟ್ಟಿಯಾಗುವ ಮುಂಚೆ ದಪ್ಪ ಬೋಲ್ಟುಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಬೇಕು. ಒಂದು ವಾಲಿದರೆ ಎಲ್ಲಾ ಒಡೆದು ತೆಗೆಯಬೇಕು. ಹಿರಿಯೂರಿನಲ್ಲೇ ಉಳಿದುಕೊಂಡು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಬಂದವರು ಊಟಕ್ಕೂ ಮುಂಚೆ ಒಲೆಯ ಮುಂದಿನ ಬೂದಿಯಲ್ಲಿ ಬೆರಳಾಡಿಸಿ, ಮಿಷನ್ನಿನ ಕಾಲು ಎಲ್ಲೆಲ್ಲಿ ಬರುತ್ತದೆ ಅಂತ ಗೆರೆ ಎಳೆದು ತೋರಿಸುತ್ತಿದ್ದರು. ಅಷ್ಟು ಖುಷಿಯಾಗಿ ಅವರು ಇನ್ನಾವ ಕೆಲಸವನ್ನೂ ಮಾಡಿದ್ದು ನಾನು ಕಾಣೆ.

ಮಗುವಿಗೆ ಹಾಲು ಕೊಡುತ್ತಿದ್ದ ಹೆಂಗಸಿಗೆ ಮುಟ್ಟು ತಪ್ಪಿದ್ದು ಬೇಗ ತಿಳಿಯುವುದಿಲ್ಲ. ನನಗೆ ತಿಳಿಯುವ ಹೊತ್ತಿಗೆ ಹಿರಿಯೂರಿನಲ್ಲಿ ಗುಂಡಿ ತೋಡಿ ಆಗಿತ್ತು, ಕಾಂಕ್ರೀಟು ಬಿದ್ದಾಗಿತ್ತು. ಇವರು ಬಂದು ತಮ್ಮ ಅಮ್ಮನ ಮುಂದೆ ನಿಂತರು. ಅರ್ಧಕ್ಕೆ ಬಿಟ್ಟರೆ ಕಟ್ಟಿಸುವವರ ಮನೆಗೆ ಆಗಿಬರುವುದಿಲ್ಲ, ತೋಡಿದ್ದು ತೋಡಿಯಾಯಿತು, ಮುಗಿಸಿ ಬಾ ಅಂತ ನಮ್ಮತ್ತೆ ಹೇಳಿದರು. ಮುಗಿಸಿದರು. ಬಂದವರು ಮತ್ತೆ ಗುದ್ದಲಿ ಮುಟ್ಟಲಿಲ್ಲ.

ದಿನ ತುಂಬಿದ ಮೇಲೆ ಹೊಟ್ಟೆಯೊಳಗಿನ ಆಟ ನಿಂತಿತು. ಆಸ್ಪತ್ರೆಗೆ ಹೋಗುವ ಮೊದಲೇ ಜೀವ ಹೋಗಿತ್ತು. ಹೆಣ್ಣು ಮಗು. ನನಗೆ ಒಂದು ಸಲ ತೋರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಇವರೇ ಎತ್ತಿಕೊಂಡು ಹೋದರು. ಉಸಿರೆಳೆಯದ ಮಗುವಿಗೆ ನಮ್ಮಲ್ಲಿ ಹೆಸರಿಲ್ಲ, ತಿಥಿಯಿಲ್ಲ. ಯಾರಾದರೂ ಕೇಳಿದರೆ ಏನೂ ಆಗಿಲ್ಲವೆಂಬಂತೆ ಇರಬೇಕು. ನಮ್ಮತ್ತೆ ನನ್ನನ್ನು ಹಾಲುರಾಮೇಶ್ವರದ ಗುಡಿಗೆ ಕರೆದುಕೊಂಡು ಹೋಗಿ ಪೂಜೆ ಮಾಡಿಸಿಕೊಂಡು ಬಂದರು. ದಾರಿಯಲ್ಲೂ ಆ ಮಾತು ಬರಲಿಲ್ಲ. ಮರುವರ್ಷ ನನಗೆ ಮಕ್ಕಳಾಗದ ಹಾಗೆ ಆಪರೇಷನ್ ಆಯಿತು.

ಇವರಂತೂ ಬಹಳ ಕಾಲ ಕಟ್ಟಡ ಹಿಡಿಯಲಿಲ್ಲ. ಗಂಗೆ ಪೂಜೆಗೆ ಕಾಯುವಂಥದ್ದು ಏನೂ ಉಳಿದಿರಲಿಲ್ಲ, ಆದರೂ ಹಿಡಿಯಲಿಲ್ಲ. ಚಿತ್ರದುರ್ಗದಲ್ಲಿ ಯಾರದೋ ಕೈಕೆಳಗೆ ಬರೀ ಪ್ಲಾಸ್ಟರ್ ಮಾಡಿಕೊಂಡಿದ್ದರು. ಶೇಂಗಾ ಹೇರಿಕೊಂಡು ಹಿರಿಯೂರಿಗೆ ಹೋಗಿ ಬಂದವರು, ಮೇಸ್ತ್ರಿ, ನಿಮ್ಮ ಮಿಲ್ಲು ಚೆನ್ನಾಗಿ ಓಡುತ್ತಿದೆ ಅಂತ ಒಳ್ಳೆಯ ಮಾತಿಗೆ ಹೇಳಿದರೆ ಜಗುಲಿಯಿಂದ ಎದ್ದು ಹೋಗುತ್ತಿದ್ದರು. ನನಗೆ ಕಾರಣ ಗೊತ್ತಿತ್ತು. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಮೇಲೆ ನಿಧಾನವಾಗಿ ಮತ್ತೆ ಸಣ್ಣ ಸಣ್ಣ ಮನೆ ಹಿಡಿಯತೊಡಗಿದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ನಮ್ಮ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದವು. ಈಗ ನಿಮಗೆ ಅವು ಗಿಡಮರದ ಹಾಗೆ. ಆಗ ಅವುಗಳ ರೆಕ್ಕೆ ಸಾಗಿಸುವ ಉದ್ದದ ಲಾರಿ ಬಂದರೆ ಊರೇ ರಸ್ತೆಗೆ ಬರುತ್ತಿತ್ತು. ದೊಡ್ಡ ಕಂಬದ ಕೆಲಸವನ್ನು ಹೊರಗಿನ ಕಂಪನಿಯವರೇ ಮಾಡಿಕೊಳ್ಳುತ್ತಿದ್ದರು. ಚರಂಡಿ, ಮೋರಿ, ಕರೆಂಟಿನ ಮಿಷನ್ನು ಕೂರಿಸುವ ಕಟ್ಟೆ, ಸಣ್ಣ ಕೋಣೆ ಇವಕ್ಕೆಲ್ಲ ಊರ ಕಡೆಯ ಕಂಟ್ರಾಕ್ಟರು ಬೇಕಾಗಿತ್ತು. ಅಲ್ಲಿನ ಇಂಜಿನಿಯರೊಬ್ಬರು ಇವರು ಕಟ್ಟಿದ ಮನೆಯೊಂದರಲ್ಲಿ ಬಾಡಿಗೆಗಿದ್ದರು. ಗೋಡೆ ನೋಡಿ ಇವರನ್ನು ಕರೆಸಿದರು. ಬಯೋಡೇಟಾ ಮಾಡಿಸಿ ತನ್ನಿ, ಯಾವ ವರ್ಷ ಏನು ಕಟ್ಟಿದಿರಿ, ಯಾರಿಗೆ ಕಟ್ಟಿದಿರಿ, ಎಲ್ಲಾ ಇರಬೇಕು ಅಂದರು.

ಇವರಿಗೆ ಆಗ ಸೊಂಟ ನೋವು ಶುರುವಾಗಿತ್ತು. ಮಳೆಗಾಲದಲ್ಲಿ ಕೆಲಸ ನಿಂತರೆ ಮೂರು ತಿಂಗಳು ಕಾಯುವ ಜೀವನ. ಗುಡ್ಡದ ಕೆಲಸ ಸಿಕ್ಕಿದರೆ ವರ್ಷಗಟ್ಟಲೆ ನಡೆಯುತ್ತದೆ, ತಾವು ಕಲ್ಲು ಹೊರದೆ ನಿಂತು ಮಾಡಿಸಬಹುದು. ಅದನ್ನು ಬಿಟ್ಟರೆ ಇಂಥದ್ದು ಇನ್ನೊಂದು ಬರುವುದಿಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೊಸದುರ್ಗದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬರು ಹೆಂಗಸು ಟೈಪಿಂಗ್ ಕಲಿಸುತ್ತಿದ್ದರು. ಆಗಷ್ಟೇ ಒಂದು ಕಂಪ್ಯೂಟರ್ ತಂದು ಇಟ್ಟುಕೊಂಡಿದ್ದರು. ನಾನೂ ಜೊತೆಗೆ ಹೋಗಬೇಕಾಯಿತು. ಇವರಿಗೆ ಕಟ್ಟಡ ನೆನಪಿರುತ್ತಿತ್ತು, ಇಸವಿ ನೆನಪಿರುತ್ತಿರಲಿಲ್ಲ. ನನಗೆ ಮಕ್ಕಳ ಲೆಕ್ಕದಲ್ಲಿ ಎಲ್ಲವೂ ನೆನಪು. ನಿಮ್ಮ ಅಮ್ಮ ಅಂಬೆಗಾಲಿಡುವಾಗ ಹೊಸದುರ್ಗದ ಬಟ್ಟೆ ಅಂಗಡಿ, ಅವಳಿಗೆ ದಡಾರ ಎದ್ದಾಗ ಹೊಳಲ್ಕೆರೆಯ ಮಾಳಿಗೆ ಮನೆ. ನಾನು ಇವರ ಕಿವಿಗೆ ಹೇಳುತ್ತಿದ್ದೆ, ಇವರು ಜೋರಾಗಿ ಹೇಳುತ್ತಿದ್ದರು, ಆ ಮೇಡಂ ಇಂಗ್ಲಿಷಿನಲ್ಲಿ ಒತ್ತುತ್ತಿದ್ದರು.

ಸ್ವಲ್ಪ ಹೊತ್ತಿಗೆ ಅವರು ಕೈ ನಿಲ್ಲಿಸಿದರು.

"ಮೇಸ್ತ್ರಿಯೋರೆ, ನಡುವೆ ಹಲ್ಲು ಬಿದ್ದಂಗೆ ಕಾಣ್ತೈತಲ್ರಿ. ಈ ವರ್ಷ ಏನೂ ಇಲ್ಲ. ಇಲ್ಲಿ ನೋಡಿದ್ರೆ ಇನ್ನೊಂದು ವರ್ಷ ಏನೂ ಇಲ್ಲ."

ಇವರು ನೆಲ ನೋಡಿಕೊಂಡು, ಆವಾಗ ಮನೆಯಲ್ಲಿ ಬಸುರಿ ಇದ್ದರು, ಪಾಯ ತೋಡುವ ಹಾಗಿರಲಿಲ್ಲ ಅಂದರು.

"ಹಡೆಯೋದು ಅವ್ರು, ರಜಾ ನಿಮಗಾ?" ಅಂತ ಮೇಡಂ ಜೋರಾಗಿ ನಕ್ಕರು. ಪಕ್ಕದಲ್ಲಿ ಟೈಪ್ ಕಲಿಯುತ್ತಿದ್ದ ಹುಡುಗಿಯರೂ ನಕ್ಕರು. ನಾನು ಸೆರಗು ಬಾಯಿಗೆ ಹಿಡಿದೆ. ಇವರೂ ಒಂಚೂರು ನಕ್ಕರು ಅಂತ ನೆನಪು.

ಮುಂದಕ್ಕೆ ನಾನು ಅಭ್ಯಾಸಬಲದಿಂದ ಹಿರಿಯೂರು ಅಂತ ಇವರ ಕಿವಿಗೆ ಹೇಳಿದೆ. ಇವರು ಅದನ್ನು ದಾಟಿಸಿ ಮುಂದಿನ ಮನೆಯ ಹೆಸರು ಹೇಳಿದರು. ಮೇಡಮ್ಮಿಗೆ ನನ್ನ ಮಾತು ಕೇಳಿಸಿತ್ತು. ಹಿರಿಯೂರಿನದು ಏನೋ ಅಂದರಲ್ಲ ಅಂತ ಕೇಳಿದರು.

"ಅದು ಬ್ಯಾಡ ಬಿಡ್ರಿ."

"ಬ್ಯಾಡ ಅಂದ್ರೆ ಇಲ್ಲಿ ಭಾರಿ ದೊಡ್ಡ ಸಂದು ಬೀಳ್ತೈತೆ. ಹಂಗಾರೆ ಈ ಸಲ ಹಡೆದಿದ್ದು ಯಾರ್ನ? ಮೂರನೇದು ಗಂಡೋ ಹೆಣ್ಣೋ?"

ನಗಿಸಲು ಆಡಿದ ಮಾತದು. ಆಕೆ ನನ್ನ ಮುಖ ನೋಡಿದರು. ಆಮೇಲೆ ನಗೆ ನಿಲ್ಲಿಸಿ, ದನಿ ಇಳಿಸಿ, ಖಾಲಿ ಬಿಟ್ಟರೆ ನೋಡುವವರು ಜೈಲಿಗೆ ಹೋಗಿದ್ದನೋ ಅಂತಾರೆ, ಕಟ್ಟಿದ್ದು ಬಿದ್ದು ಯಾರೂ ಕೆಲಸ ಕೊಡಲಿಲ್ಲವೋ ಅಂತಾರೆ ಅಂತ ತಿಳಿಸಿ ಹೇಳಿದರು. ಯಾವುದಾದರೂ ಹಳ್ಳಿಯ ಗುಡಿಯ ಕಾಂಪೌಂಡು ಅಂತ ಹಾಕೋಣ, ಅಲ್ಲಿಗೆ ಹೋಗಿ ನೋಡುವವರು ಯಾರು ಅಂದರು. ಎಲ್ಲರಿಗೂ ಹಾಗೇ ಮಾಡಿಕೊಡುತ್ತಿದ್ದರಂತೆ.

"ಕಟ್ಟದ್ದನ್ನ ಬರೆಸಲ್ಲ ಮೇಡಂ," ಅಂದರು ಇವರು.

"ಕಟ್ಟಿದ್ದನ್ನೂ ಬರೆಸಲ್ಲ ಅಂತೀರಲ್ಲಪ್ಪ," ಅಂದರು ಆಕೆ.

ಮೊದಲಿನ ಎರಡು ಖಾಲಿ ವರ್ಷಕ್ಕೆ ಮನೆ ಕಾರಣ ಅಂತ ಬರೆದು, ಮೂರನೆಯದನ್ನು ಹಾಗೇ ಬಿಟ್ಟು ಕೊಟ್ಟರು. ಬಸ್ಸಿನಲ್ಲಿ ಬರುವಾಗ ಇವರು ಆ ಹಾಳೆಗಳನ್ನು ಅಂಗಿಯ ಒಳಗೆ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಬೇರೆ ಯಾವ ಕೆಲಸ ಬಿಟ್ಟಿದ್ದರೂ ಬರೆಸಿ ಅಂತ ನಾನು ಹೇಳುತ್ತಿದ್ದೆ. ಇದನ್ನು ಹೇಳಲಾಗಲಿಲ್ಲ.

ಕೆಲವು ದಿನ ಕಳೆದು ಒಂದು ಸಂಜೆ ಇಂಜಿನಿಯರು ಮನೆಗೇ ಬಂದರು. ಇವರು ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ನಮ್ಮತ್ತೆ ಪಡಸಾಲೆಯ ಮೂಲೆಯಲ್ಲಿ ಶೇಂಗಾ ಬಿಡಿಸುತ್ತಿದ್ದರು. ನಿಮ್ಮ ಅಮ್ಮ ಸ್ಕೂಲಿಂದ ಬಂದವಳು ಅವರ ಪಕ್ಕ ಕೂತು ಬೀಜ ತಿನ್ನುತ್ತಿದ್ದಳು. ನಾನು ಟೀ ಕೊಟ್ಟು ಬಂದು ಬಾಗಿಲ ಹಿಂದೆ ನಿಂತೆ.

"ಮೇಸ್ತ್ರಿ, ಬೇರೆ ಕೆಲಸಕ್ಕೆ ಹಿರಿಯೂರಿಗೆ ಹೋಗಿದ್ದೆ. ಅಲ್ಲಿ ಒಂದು ಎಣ್ಣೆ ಮಿಲ್ಲಿದೆ. ಮಾಲೀಕರು ನಿಮ್ಮ ಹೆಸರು ಹೇಳಿದ್ರು. ನೀವು ಅದನ್ನ ಬರೆಸೇ ಇಲ್ಲವಲ್ಲ?"

ಮರೆತೆ ಅಂದರು ಇವರು.

"ಮಿಷನ್ ಕೂರಿಸೋ ಕಟ್ಟೆ ಹಾಕಿದೋರು ಅದನ್ನ ಮರೀತೀರಾ? ನಮಗೆ ಬೇಕಿರೋದೇ ಆ ಕೆಲಸ. ನೀವು ಬರೆಸಿರೋದೆಲ್ಲ ಮನೆ, ಅಂಗಡಿ. ಅದನ್ನ ನೋಡಿ ಮೇಲಿನವರು ಯಾರೂ ಸಹಿ ಹಾಕಲ್ಲ."

ಇಂಜಿನಿಯರು ಕೆಟ್ಟವರಲ್ಲ, ಆದರೆ ಅವರಿಗೆ ಸಂಶಯ ಬಂದಿತ್ತು. ಕಟ್ಟೆಯಲ್ಲಿ ಬಿರುಕು ಬಿಟ್ಟಿದ್ದು ಮುಚ್ಚಿ ಬಳಿದಿದ್ದೀರಾ, ಮಾಲೀಕರಿಗೂ ನಿಮಗೂ ಜಗಳವಾಗಿತ್ತಾ, ಅದಾದ ಮೇಲೆ ಅಷ್ಟು ದಿನ ಯಾರೂ ಕೆಲಸ ಕೊಟ್ಟಿಲ್ಲ ಅಂದರೆ ಏನು ಅರ್ಥ ಅಂತ ಒಂದೊಂದಾಗಿ ಕೇಳಿದರು. ಇವರು ಚಾಪೆಯ ಎಳೆ ಕೀಳುತ್ತಾ ಕೂತಿದ್ದರು. ತಾವು ಹಾಕಿದ ಗಾರೆಯ ಮೇಲೆ ಒಬ್ಬರು ಬೆರಳಿಟ್ಟು ಮಾತಾಡಿದರೆ ಸುಮ್ಮನಿರುವ ಮನುಷ್ಯರಲ್ಲ ಅವರು. ಅವತ್ತು ಸುಮ್ಮನಿದ್ದರು. ಇಂಜಿನಿಯರು ಲೋಟ ಕೆಳಗಿಟ್ಟು ಎದ್ದೇಬಿಟ್ಟರು.

ಹೊರಗಿನ ಗಂಡಸರ ಎದುರು ನಾನು ಅದುವರೆಗೆ ಆಡಿದ್ದ ಮಾತೆಂದರೆ ಬರ್ರಿ, ಕುಂತ್ಕಳ್ರಿ, ಅಷ್ಟೇ.

"ಮಿಲ್ಲು ಗಟ್ಟಿಯಾಗೈತೆ ಸಾರ್," ಅಂದೆ. ಬಾಗಿಲು ಬಿಟ್ಟು ಹೊರಗೆ ಬರಲಿಲ್ಲ. "ಅದನ್ನ ತೋಡ್ದಾಗ ನಾನು ಬಸುರಿ ಇದ್ದೆ, ನಮಗೆ ತಿಳಿದಿರ್ಲಿಲ್ಲ. ಮಗು ಉಳೀಲಿಲ್ಲ. ಅದಕ್ಕೆ ಅವ್ರು ಬರೆಸಿಲ್ಲ. ಆಮೇಲೆ ಕೆಲಸಾನೂ ಹಿಡೀಲಿಲ್ಲ."

ಶೇಂಗಾ ಬಿಡಿಸುವ ಸದ್ದು ನಿಂತಿತು. ಇಂಜಿನಿಯರು ಮತ್ತೆ ಕೂತರು. ಅವರಿಗೆ ಆ ಶಾಸ್ತ್ರ ಗೊತ್ತಿರಲಿಲ್ಲ, ಇವರನ್ನು ಕೇಳಿದರು. ಇವರು ತಲೆಯೆತ್ತದೆ ನಾಲ್ಕು ಮಾತಿನಲ್ಲಿ ಹೇಳಿದರು. ಕೇಳಿಕೊಂಡು ಅವರು ಗುಡ್ಡದ ಕಡೆ ನೋಡಿದರು. ಪಾಪ ಅನ್ನುತ್ತಾರೆ ಅಂದುಕೊಂಡಿದ್ದೆ. ಅಂದಿದ್ದು ಬೇರೆ.

"ನಾಳೆ ಮತ್ತೆ ಹಂಗೇನಾದ್ರೂ ಆದ್ರೆ ನಮ್ಮ ಕೆಲಸಾನೂ ನಿಲ್ಲಿಸ್ತೀರಾ ಮೇಸ್ತ್ರಿ?"

ಅದು ಸರಿಯಾದ ಪ್ರಶ್ನೆಯೇ. ಕೆಲಸ ಕೊಡುವವರು ಕೇಳಲೇಬೇಕಾದದ್ದು. ಆದರೆ ಅದಕ್ಕೆ ಇವರು ಏನಂತ ಉತ್ತರ ಕೊಟ್ಟಾರು? ನನ್ನ ಕಡೆ ನೋಡಲೂ ಇಲ್ಲ.

"ಆಪರೇಷನ್ ಆಗೈತೆ ಸಾರ್," ಅಂದೆ.

ಇಂಜಿನಿಯರಿಗೂ ನಾಚಿಕೆಯಾಯಿತು. ಗಡಿಬಿಡಿಯಿಂದ ಎದ್ದು, ಸಂತೆಯ ದಿನದೊಳಗೆ ಮಿಲ್ಲು ಸೇರಿಸಿ ಹೊಸದಾಗಿ ಬರೆಸಿ ಕಳಿಸಿ, ಅದಿಲ್ಲದೆ ನಾನು ಮೇಲಕ್ಕೆ ಕಳಿಸಲಾರೆ, ಬೇರೆಯವರನ್ನು ನೋಡಬೇಕಾಗುತ್ತದೆ ಅಂತ ಹೇಳಿ ಗಾಡಿ ಹತ್ತಿದರು.

ಅವರು ಕಣ್ಮರೆಯಾದ ಮೇಲೆ ಇವರು ಒಳಗೆ ಬಂದರು. ಹೊರಗಿನವರ ಮುಂದೆ ಯಾಕೆ ಆಡಿದೆ ಅಂತ ಕೇಳಿದರು. ಆಡದಿದ್ದರೆ ನೀವು ಕಟ್ಟಿದ್ದು ಬಿರುಕು ಬಿಟ್ಟಿದೆ ಅಂತ ತಿಳಿದುಕೊಳ್ಳುತ್ತಿದ್ದರು ಅಂದೆ.

"ತಿಳ್ಕೊಳ್ಳಲಿ," ಅಂದರು.

ಅವರ ಬಾಯಲ್ಲಿ ಆ ಮಾತು ಬರಬಹುದೆಂದು ನಾನು ಎಣಿಸಿರಲಿಲ್ಲ. ಎಷ್ಟು ಭಾರ ಹೊತ್ತಿದ್ದಾರೆ ಅಂತ ನನಗೆ ಸರಿಯಾಗಿ ಅಳತೆ ಸಿಕ್ಕಿದ್ದು ಆಗಲೇ.

ನಿಮ್ಮ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಬೆನ್ನು ಮಾಡಿ ಕೂತವಳು, ತಂಗಿಯೋ ತಮ್ಮನೋ ಅಂತ ಮೆಲ್ಲಗೆ ಕೇಳಿದಳು. ತಂಗಿ ಅಂದೆ. ಜಡೆಗೆ ಟೇಪು ಕಟ್ಟುವವರೆಗೆ ಅಲುಗಾಡದೆ ಕೂತಿದ್ದಳು.

ಊಟಕ್ಕೆ ಕೂತಾಗ ಇವರು ಮುದ್ದೆಗೆ ಕೈ ಹಚ್ಚಲಿಲ್ಲ. ನಮ್ಮತ್ತೆ ಎದುರಿಗೆ ಗೋಡೆಗೊರಗಿ ಕೂತಿದ್ದರು. ಇಂಜಿನಿಯರು ಹೋದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ನನಗೆ ಬೈಗುಳ ಕಾದಿದೆ ಅಂದುಕೊಂಡೇ ಸಾರು ಬಡಿಸುತ್ತಿದ್ದೆ.

"ನಿಮ್ಮಪ್ಪ ಗುದ್ದಲಿ ಮುಟ್ಟಿರ್ಲಿಲ್ಲ ಕಣಪ್ಪ," ಅಂದರು ನಮ್ಮತ್ತೆ.

ಇವರಿಗೆ ತಿಳಿಯಲಿಲ್ಲ. ಯಾವಾಗ ಅಂತ ಕೇಳಿದರು.

"ನಿನಗಿಂತ ಮುಂಚೆ. ಎರಡು ಸಲ. ಒಂದು ಹಿಡಿ ಮಣ್ಣು ತೆಗೀಲಿಲ್ಲ, ಕುಂಬಳಕಾಯಿ ಇದ್ದ ಮನೆ ಕಡೆ ಸುಳೀಲಿಲ್ಲ. ಆದ್ರೂ ಎರಡೂ ಹೋದ್ವು."

ಇವರನ್ನು ಮನೆಗೆ ಹಿರಿಯ ಮಗ ಅಂತಲೇ ಎಲ್ಲರೂ ಕರೆಯುತ್ತಿದ್ದರು, ಎಲ್ಲಾ ಶಾಸ್ತ್ರವನ್ನೂ ಹಿರಿಯ ಮಗನ ಲೆಕ್ಕದಲ್ಲೇ ಮಾಡಿಸಿದ್ದರು. ನಾನು ಆ ಮನೆಗೆ ಸೊಸೆಯಾಗಿ ಬಂದು ಅಷ್ಟು ವರ್ಷವಾಗಿತ್ತು, ನನಗೂ ಇದು ಗೊತ್ತಿರಲಿಲ್ಲ. ನನ್ನನ್ನು ಹಾಲುರಾಮೇಶ್ವರಕ್ಕೆ ಕರೆದುಕೊಂಡು ಹೋಗಿ ಪಕ್ಕದಲ್ಲೇ ಕೈಮುಗಿದು ನಿಂತವರು ಆಗಲೂ ಹೇಳಿರಲಿಲ್ಲ.

"ನಂಗೆ ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?" ಅಂದರು ಇವರು.

"ಹೇಳೋ ಮಾತೇನೋ ಅದು? ಆಡ್ಬ್ಯಾಡ ಅಂದ್ರು, ಆಡ್ಲಿಲ್ಲ."

"ಮತ್ತೆ ಶಾಸ್ತ್ರ ಮಾಡಿದ್ರೂ ಹೋಗ್ತಾವೆ ಅಂದ್ಮೇಲೆ ನನ್ ಕೈಲಿ ಯಾಕೆ ಮಾಡಿಸ್ದೆ?"

"ನಂಗೇನ್ ಗೊತ್ತು ಮಗನೆ. ಮಾಡ್ದೆ ಇದ್ದಿದ್ರೆ ನೀನೂ ಉಳೀತಿರ್ಲಿಲ್ವೇನೋ ಅಂತ ಭಯ."

ಇದರಿಂದ ಇವರಿಗೆ ಸಮಾಧಾನವಾಯಿತು ಅಂತ ನಾನು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋದರು. ಅಲ್ಲಿಯವರೆಗೆ ತಮ್ಮ ಕೈಯ ತಪ್ಪು ಅಂತ ಇಟ್ಟುಕೊಂಡಿದ್ದರು. ಈಗ ಅದನ್ನು ಎಲ್ಲಿ ಇಡುವುದು ಅಂತ ತಿಳಿಯದೆ ಹೋಯಿತೇನೋ. ಎರಡು ದಿನ ಅಮ್ಮನ ಜೊತೆಗೂ ಮಾತಿಲ್ಲ, ನನ್ನ ಜೊತೆಗೂ ಇಲ್ಲ. ಪ್ಲಾಸ್ಟರಿಗೆ ಹೋಗುವುದು, ಬರುವುದು. ಸಂತೆಯ ದಿನ ಹತ್ತಿರ ಬರುತ್ತಿತ್ತು. ನಾನಾಗಿ ನೆನಪು ಮಾಡಲಿಲ್ಲ. ಒಂದು ಸಲ ಮಾತಾಡಿ ಆಗಿತ್ತು, ಇನ್ನು ಅವರಿಗೆ ಬಿಟ್ಟಿದ್ದು ಅನ್ನಿಸಿತ್ತು. ಆದರೂ ಒಳಗೊಳಗೆ, ಈ ಕೆಲಸ ಕೈಬಿಟ್ಟರೆ ಇವರ ಸೊಂಟ ಇನ್ನೆಷ್ಟು ವರ್ಷ ತಡೆದೀತು ಅನ್ನುವ ಚಿಂತೆ ನನ್ನನ್ನು ಬಿಡಲಿಲ್ಲ.

ಸಂತೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು, "ಹೊಸದುರ್ಗಕ್ಕೆ ಹೋಗಾಣ, ರೆಡಿಯಾಗು," ಅಂದರು. ಇಸವಿ ಹೇಳಲು ನಾನು ಬೇಕಾಗಿತ್ತು.

ಟೈಪಿಂಗ್ ಮೇಡಂ ಈ ಸಲ ತಮಾಷೆ ಮಾಡಲಿಲ್ಲ. ಎಣ್ಣೆ ಮಿಲ್ಲಿನ ಉದ್ದಗಲ, ಮಿಷನ್ನಿನ ಕಟ್ಟೆಯ ಆಳ, ಹಾಕಿದ ಕಬ್ಬಿಣ ಎಲ್ಲವನ್ನೂ ಇವರು ನಿಂತಲ್ಲೇ ಹೇಳಿದರು. ಒಂದನ್ನೂ ಮರೆತಿರಲಿಲ್ಲ. ಅದು ಮುಗಿದ ಮೇಲೆ, ಅದರ ಮುಂದಿನ ಖಾಲಿ ವರ್ಷಕ್ಕೆ ಏನು ಬರೆಯಲಿ ಅಂತ ಆಕೆ ಕೇಳಿದರು.

"ಆ ವರ್ಷ ಮಗು ಹೋಯ್ತು ಅಂತ ಬರೀರಿ."

ಅಂಥದ್ದನ್ನೆಲ್ಲ ಇದರಲ್ಲಿ ಬರೆಯುವುದಿಲ್ಲ ಅಂತ ಆಕೆ ಸಮಾಧಾನದಿಂದ ಹೇಳಿದರು. ಮನೆ ಕಾರಣ ಅಂತ ಹಾಕುತ್ತೇನೆ, ಅದೇ ವಾಡಿಕೆ ಅಂದರು.

"ಮೇಲಿನ ಎರಡಕ್ಕೂ ಅದೇ ಹಾಕಿದೀರಿ," ಅಂದರು ಇವರು. "ಅದೂ ಇದೂ ಒಂದೇನ್ರಿ?"

ಆಕೆ ನನ್ನ ಕಡೆ ನೋಡಿದರು. ಆಮೇಲೆ ಮನೆ ಕಾರಣ ಅಂತಲೇ ಒತ್ತಿದರು. ಇವರೂ ಮತ್ತೆ ವಾದ ಮಾಡಲಿಲ್ಲ. ಹಾಳೆಯನ್ನು ಅಲ್ಲಿಂದ ನೇರವಾಗಿ ಇಂಜಿನಿಯರಿಗೆ ಕೊಟ್ಟು ಬಂದರು.

ಕೆಲಸ ಸಿಕ್ಕಿತು. ಮೊದಲು ಒಂದು ಕಟ್ಟೆ ಮಾತ್ರ ಕೊಟ್ಟರು, ಅದನ್ನು ನೋಡಿ ಉಳಿದದ್ದು ಅಂದರು. ಗುದ್ದಲಿ ಪೂಜೆಗೆ ಇವರು ಬೆಳಗಿನ ಜಾವವೇ ಗುಡ್ಡ ಹತ್ತಿದರು. ಹೋಗುವ ಮುಂಚೆ ಅಮ್ಮನ ಕಾಲಿಗೆ ಬೀಳುವುದು ರೂಢಿ, ಅವತ್ತು ಬಿದ್ದರೋ ಇಲ್ಲವೋ ನಾನು ನೋಡಲಿಲ್ಲ, ಬುತ್ತಿ ಕಟ್ಟುತ್ತಿದ್ದೆ. ಇಡೀ ದಿನ ನಮ್ಮತ್ತೆ ಜಗುಲಿ ಬಿಟ್ಟು ಏಳಲಿಲ್ಲ. ಊಟಕ್ಕೆ ಕರೆದರೂ ಆಮೇಲೆ ಅಂದರು.

ಹೊತ್ತು ಇಳಿದಾಗ ಇವರು ಬಂದರು. ಮೊಣಕಾಲವರೆಗೆ ಕೆಂಪು ಮಣ್ಣು. ಅಮ್ಮನ ಜೊತೆ ಸರಿಯಾಗಿ ಮಾತಾಡಿ ಎಷ್ಟೋ ದಿನವಾಗಿತ್ತು.

"ಎಷ್ಟು ಆಳ ತೋಡಿದ್ರಿ?" ಅಂತ ನಮ್ಮತ್ತೆ ಕೇಳಿದರು.

"ಆಳುದ್ದ," ಅಂದರು ಇವರು. ಒಳಗೆ ಬರದೆ, ಕಾಲು ತೊಳೆಯಲೂ ಹೋಗದೆ, ಆ ಮಣ್ಣಿನ ಕಾಲಲ್ಲೇ ಅಮ್ಮನ ಪಕ್ಕ ಜಗುಲಿಯ ಮೇಲೆ ಕೂತರು. ನಾನು ಚೊಂಬಿನಲ್ಲಿ ನೀರು ತಂದು ಬಾಗಿಲಲ್ಲಿ ಹಿಡಿದು ನಿಂತೆ. ನಮ್ಮತ್ತೆ ಅವರ ಕಾಲಿಗೆ ಅಂಟಿದ ಮಣ್ಣನ್ನು ಬೆರಳಿನಿಂದ ಬಿಡಿಸತೊಡಗಿದರು. ನಾನು ಕರೆಯಲಿಲ್ಲ.